ಹೆಗಲ ಮೇಲಿನ ನಕ್ಷತ್ರ, ಕೈಯಲ್ಲಿರುವ ಆಜ್ಞೆ: ಥಿಯೇಟರ್ ಕಮಾಂಡ್ ಜಗಳ ಯಾತಕ್ಕೆ?

2025ರ ಮೇ 20ರಂದು ಪಾಕಿಸ್ತಾನ ತನ್ನ ಸೇನಾ ಮುಖ್ಯಸ್ಥ ಅಸೀಮ್ ಮುನೀರ್ ಅವರನ್ನು ಫೀಲ್ಡ್ ಮಾರ್ಷಲ್ ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ಅಲ್ಲಿನ ಸಂವಿಧಾನಕ್ಕೆ 27ನೇ ತಿದ್ದುಪಡಿ ಬಂತು. ಮೂರೂ ಪಡೆಗಳ ಮೇಲೆ ‘ರಕ್ಷಣಾ ಪಡೆಗಳ ಮುಖ್ಯಸ್ಥ’ ಎಂಬ ಹೊಸ ಹುದ್ದೆ ಹುಟ್ಟಿತು. ಅದು ಸೇನಾ ಮುಖ್ಯಸ್ಥರಿಗೇ ಸೇರಿತು.

ಭಾರತದಲ್ಲಿ ಹೆಚ್ಚುಕಡಿಮೆ ಇದೇ ಹೆಸರಿನ ಹುದ್ದೆ 2020ರಿಂದ ಇದೆ. ಅದನ್ನು ಸಿಡಿಎಸ್ (ಚೀಫ್ ಆಫ್ ಡಿಫೆನ್ಸ್ ಸ್ಟಾಫ್) ಎಂದು ಕರೆಯುತ್ತೇವೆ. ಮೂರೂ ಪಡೆಗಳನ್ನು ಬೆಸೆದು ಥಿಯೇಟರ್ ಕಮಾಂಡ್‌ಗಳನ್ನು ತರುವುದು ಸಿಡಿಎಸ್‌ಗೆ ವಹಿಸಿದ ದೊಡ್ಡ ಕೆಲಸ. ಅಂದರೆ ಒಂದು ಗಡಿಯ ಅಥವಾ ಪ್ರದೇಶದ ಮೂರೂ ಪಡೆಗಳಿಗೆ ಯುದ್ಧದಲ್ಲಿ ಒಬ್ಬನೇ ಕಮಾಂಡರ್. ಆದರೆ 2025ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ಮಹೂನಲ್ಲಿ ನಡೆದ ಮೂರೂ ಪಡೆಗಳ ಗೋಷ್ಠಿಯಲ್ಲಿ ವಾಯುಪಡೆ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಈ ವಿಷಯದಲ್ಲಿ ಅವಸರ ಬೇಡ ಎಂದು ಎಲ್ಲರೆದುರೇ ಹೇಳಿದರು.

ಓದುಗರಿಗೆ ಗೊಂದಲ ಶುರುವಾಗುವುದು ಇಲ್ಲಿಯೇ. ಸಿಡಿಎಸ್ ಅಂದರೆ ಮೂವರು ಮುಖ್ಯಸ್ಥರಿಗೂ ಮೇಲಿನವರು ಅಲ್ವಾ? ಹಾಗಿದ್ದರೆ ವಾಯುಪಡೆ ಮುಖ್ಯಸ್ಥರು ಬೇರೆ ಮಾತು ಆಡಿದ್ದು ಹೇಗೆ? ನಮ್ಮ ಸಿಡಿಎಸ್‌ಗೆ ನಾಲ್ಕು ನಕ್ಷತ್ರ (ಅಂದರೆ ಜನರಲ್ ದರ್ಜೆ), ಪಾಕಿಸ್ತಾನದ ಫೀಲ್ಡ್ ಮಾರ್ಷಲ್‌ಗೆ ಐದು. ಹಾಗಾದರೆ ನಮ್ಮವರು ಒಂದು ಮೆಟ್ಟಿಲು ಕೆಳಗಾ? ಥಿಯೇಟರ್ ಕಮಾಂಡರ್‌ಗೆ ಎಷ್ಟು ನಕ್ಷತ್ರ ಕೊಡಬೇಕು ಎಂಬುದಕ್ಕೆ ಇಷ್ಟೊಂದು ಚರ್ಚೆ ಯಾಕೆ?

ರ‍್ಯಾಂಕ್ ಮತ್ತು ಕಮಾಂಡ್ ಎರಡನ್ನೂ ಒಂದೇ ಎಂದುಕೊಂಡಾಗ ಈ ಪ್ರಶ್ನೆಗಳೆಲ್ಲ ಹುಟ್ಟುತ್ತವೆ. ಎರಡನ್ನೂ ಬೇರೆ ಮಾಡಿ ನೋಡಿದರೆ ಜಗಳ ನಿಜವಾಗಿ ಎಲ್ಲಿದೆ ಎಂಬುದು ಕಾಣುತ್ತದೆ.

ಐದು ನಕ್ಷತ್ರದವರು ನಾಲ್ಕು ನಕ್ಷತ್ರದವರ ಮಾತು ಕೇಳಿದಾಗ

ರ‍್ಯಾಂಕ್ ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ಸಂಬಳ, ಸೆಲ್ಯೂಟ್, ಹಿರಿತನ ಎಲ್ಲ ಅದರಿಂದ ಬರುತ್ತವೆ. ಕಮಾಂಡ್ ಹುದ್ದೆಗೆ ಅಂಟಿಕೊಂಡಿರುತ್ತದೆ. ಇಂಥ ಪ್ರದೇಶದಲ್ಲಿ, ಇಷ್ಟು ಸೈನಿಕರಿಗೆ, ಇಂಥ ಕೆಲಸಕ್ಕೆ ಆಜ್ಞೆ ಕೊಡುವ ಅಧಿಕಾರ ಅದು. ಹುದ್ದೆ ಬಿಟ್ಟ ದಿನ ಆ ಅಧಿಕಾರ ಹೋಗುತ್ತದೆ. ರ‍್ಯಾಂಕ್ ಉಳಿಯುತ್ತದೆ.

ನಮ್ಮದೇ ಉದಾಹರಣೆ ನೋಡಿ. ಕೊಡಗಿನ ಕೆ.ಎಂ. ಕಾರ್ಯಪ್ಪ ಅವರು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. 1953ರಲ್ಲಿ ನಿವೃತ್ತರಾದರು. ಫೀಲ್ಡ್ ಮಾರ್ಷಲ್ ಆದದ್ದು 1986ರಲ್ಲಿ. ಮಾಣೆಕ್ ಶಾ ಅವರಿಗೆ ಆ ಗೌರವ ಬಂದದ್ದು 1973ರ ಜನವರಿಯಲ್ಲಿ, ಮುಖ್ಯಸ್ಥರ ಹುದ್ದೆ ಬಿಡುವ ಹೊತ್ತಿನಲ್ಲಿ. 1965ರ ಯುದ್ಧದಲ್ಲಿ ವಾಯುಪಡೆಯನ್ನು ನಡೆಸಿದ ಅರ್ಜನ್ ಸಿಂಗ್ ವಾಯುಪಡೆಯ ಐದು ನಕ್ಷತ್ರದ ಮಾರ್ಷಲ್ ಆದದ್ದು 2002ರಲ್ಲಿ. ಮೂವರ ಐದು ನಕ್ಷತ್ರವೂ ಗೌರವಕ್ಕೆ ಕೊಟ್ಟದ್ದು. ಆ ರ‍್ಯಾಂಕ್ ಬಂದುದರಿಂದ ಯಾವ ಪಡೆಯೂ ಹೊಸದಾಗಿ ಅವರ ಕೈಗೆ ಬರಲಿಲ್ಲ.

ಪಾಕಿಸ್ತಾನದ ಕಥೆ ಬೇರೆ. ಅಲ್ಲಿ ಐದು ನಕ್ಷತ್ರವನ್ನು ಹಾಲಿ ಸೇನಾ ಮುಖ್ಯಸ್ಥರಿಗೇ ಕೊಟ್ಟರು. ಆಮೇಲೆ ಅದಕ್ಕೆ ಜೀವನಪರ್ಯಂತದ ಕಾನೂನು ರಕ್ಷಣೆಯನ್ನು ಸಂವಿಧಾನದಲ್ಲೇ ಸೇರಿಸಿದರು. ಅಲ್ಲಿ ಬಲ ಬಂದದ್ದು ಹುದ್ದೆಯಿಂದ ಮತ್ತು ತಿದ್ದುಪಡಿಯಿಂದ. ನಕ್ಷತ್ರ ಆ ಬಲದ ಗುರುತು ಅಷ್ಟೇ.

ಇನ್ನೂ ಸ್ಪಷ್ಟವಾದ ಉದಾಹರಣೆ ಎರಡನೇ ಮಹಾಯುದ್ಧದ ಕಾಲದ್ದು, 1944ರದ್ದು. ಆ ವರ್ಷ ಸೆಪ್ಟೆಂಬರ್ 1ರಂದು ಬ್ರಿಟನ್ ಮಾಂಟ್‌ಗೊಮರಿ ಅವರನ್ನು ಫೀಲ್ಡ್ ಮಾರ್ಷಲ್ ಮಾಡಿತು. ಅವರ ಮೇಲೆ ಕಮಾಂಡ್ ಇದ್ದದ್ದು ಅಮೆರಿಕದ ಐಸೆನ್‌ಹೋವರ್ ಅವರಿಗೆ. ಅವರಾಗ ನಾಲ್ಕು ನಕ್ಷತ್ರದ ಜನರಲ್. ಡಿಸೆಂಬರ್‌ನಲ್ಲಿ ಅಮೆರಿಕ ತನ್ನದೇ ಐದು ನಕ್ಷತ್ರದ ರ‍್ಯಾಂಕ್ ತರುವವರೆಗೂ ಫೀಲ್ಡ್ ಮಾರ್ಷಲ್ ಒಬ್ಬರು ಜನರಲ್ ಒಬ್ಬರ ಆಜ್ಞೆಯ ಕೆಳಗೆ ಯುದ್ಧ ಮಾಡಿದರು. ಇಬ್ಬರ ನಡುವೆ ತಿಕ್ಕಾಟ ಸಾಕಷ್ಟಿತ್ತು. ಆದರೆ ಯಾರ ಆಜ್ಞೆ ನಡೆಯಬೇಕು ಎಂಬುದು ಕಾಗದದ ಮೇಲೆ ಖಚಿತವಾಗಿತ್ತು.

ಅದಕ್ಕೂ ಹಿಂದೆ ಹೋದರೆ ರ‍್ಯಾಂಕ್ ಅನ್ನುವುದು ದುಡ್ಡು ಕೊಟ್ಟು ಕೊಳ್ಳುವ ಆಸ್ತಿಯಾಗಿತ್ತು. ಬ್ರಿಟಿಷ್ ಸೇನೆಯ ಕಾಲಾಳು ಮತ್ತು ಅಶ್ವದಳಗಳಲ್ಲಿ ಅಧಿಕಾರಿಯ ದರ್ಜೆಯನ್ನು ಕೊಳ್ಳುವ, ಮಾರುವ ಪದ್ಧತಿ 1871ರವರೆಗೂ ನಡೆಯಿತು. ಫಿರಂಗಿ ದಳ ಮತ್ತು ಎಂಜಿನಿಯರ್ ದಳದಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಲೆಕ್ಕ ಗೊತ್ತಿಲ್ಲದವನನ್ನು ಇಟ್ಟುಕೊಂಡರೆ ಗುಂಡು ಎಲ್ಲೋ ಹೋಗಿ ಬೀಳುತ್ತಿತ್ತು.

ಸಿಡಿಎಸ್ ಕೈಯಲ್ಲಿ ಏನಿದೆ, ಏನಿಲ್ಲ

2019ರ ಡಿಸೆಂಬರ್ 24ರಂದು ಕೇಂದ್ರ ಸಂಪುಟ ಸಿಡಿಎಸ್ ಹುದ್ದೆಗೆ ಒಪ್ಪಿಗೆ ಕೊಟ್ಟಿತು. ಆಗಲೇ ಸರ್ಕಾರ ಒಂದು ಮಾತನ್ನು ಬಿಡಿಸಿ ಹೇಳಿತ್ತು. ಸಿಡಿಎಸ್‌ಗೆ ಯಾವ ಮಿಲಿಟರಿ ಕಮಾಂಡ್ ಕೂಡ ಇರುವುದಿಲ್ಲ. ಮೂವರು ಮುಖ್ಯಸ್ಥರ ಮೇಲೂ ಇರುವುದಿಲ್ಲ.

ಹಾಗಾದರೆ ಏನಿದೆ? ಮೂರೂ ಪಡೆಗಳಿಗೆ ಸೇರಿದ ವಿಷಯಗಳಲ್ಲಿ ರಕ್ಷಣಾ ಸಚಿವರಿಗೆ ಮುಖ್ಯ ಸಲಹೆಗಾರರು ಅವರು. ಮುಖ್ಯಸ್ಥರ ಸಮಿತಿಗೆ ಕಾಯಂ ಅಧ್ಯಕ್ಷರು. ರಕ್ಷಣಾ ಸಚಿವಾಲಯದ ಮಿಲಿಟರಿ ವ್ಯವಹಾರಗಳ ಇಲಾಖೆಗೆ ಕಾರ್ಯದರ್ಶಿ. ಸಂಬಳವೂ ನಕ್ಷತ್ರವೂ ಮೂವರು ಮುಖ್ಯಸ್ಥರಷ್ಟೇ. ಸಾಲಿನಲ್ಲಿ ಮೊದಲು ನಿಲ್ಲುತ್ತಾರೆ, ಆದರೆ ಸಾಲಿನ ಮೇಲೆ ನಿಲ್ಲುವುದಿಲ್ಲ. ಆಯಾ ಪಡೆಯ ವಿಷಯದಲ್ಲಿ ಆಯಾ ಮುಖ್ಯಸ್ಥರೇ ಸಚಿವರಿಗೆ ಸಲಹೆ ಕೊಡುತ್ತಾರೆ.

2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಮೊದಲ ಸಿಡಿಎಸ್ ಆದರು. 2021ರ ಡಿಸೆಂಬರ್ 8ರಂದು ಕೂನೂರು ಬಳಿ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡರು. ಆಮೇಲೆ ಹುದ್ದೆ ಒಂಬತ್ತು ತಿಂಗಳಿಗೂ ಜಾಸ್ತಿ ಖಾಲಿ ಇತ್ತು. 2022ರ ಜೂನ್‌ನಲ್ಲಿ ನಿಯಮ ಬದಲಾಯಿತು. 62 ವರ್ಷ ತುಂಬದ, ಮೂರು ನಕ್ಷತ್ರದ ಹಾಲಿ ಅಥವಾ ನಿವೃತ್ತ ಅಧಿಕಾರಿಯನ್ನೂ ಸಿಡಿಎಸ್ ಮಾಡಬಹುದು ಎಂದಾಯಿತು. ಸೆಪ್ಟೆಂಬರ್‌ನಲ್ಲಿ ಜನರಲ್ ಅನಿಲ್ ಚೌಹಾಣ್ ನೇಮಕವಾದರು. ಅವರು 2021ರಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತರಾಗಿದ್ದವರು. ನಾಲ್ಕನೇ ನಕ್ಷತ್ರ ಹುದ್ದೆಯ ಜೊತೆಗೆ ಬಂತು. ಇಲ್ಲೂ ಹುದ್ದೆ ಮುಂದೆ ಹೋಯಿತು, ರ‍್ಯಾಂಕ್ ಹಿಂದೆ ಬಂತು.

ಇದನ್ನು ತಿಳಿದರೆ ಮಹೂ ಗೋಷ್ಠಿಯ ಮಾತಿನಲ್ಲಿ ಆಶ್ಚರ್ಯವಿಲ್ಲ. ವಾಯುಪಡೆ ಮುಖ್ಯಸ್ಥರು ಯಾವ ಆಜ್ಞೆಯನ್ನೂ ಮೀರಲಿಲ್ಲ. ಅಂಥ ಆಜ್ಞೆ ಕೊಡುವ ಹುದ್ದೆ ಸಮವಸ್ತ್ರದಲ್ಲಿರುವ ಯಾರ ಬಳಿಯೂ ಇಲ್ಲ.

ಒಂದೇ ಪೂರ್ವ ದಿಕ್ಕಿಗೆ ಮೂರು ಊರು

ಸಮಸ್ಯೆ ಏನೆಂದು ತಿಳಿಯಲು ಭೂಪಟ ನೋಡಿದರೆ ಸಾಕು. ಭೂಸೇನೆಯ ಪೂರ್ವ ಕಮಾಂಡ್ ಕೋಲ್ಕತ್ತದಲ್ಲಿದೆ. ವಾಯುಪಡೆಯ ಪೂರ್ವ ಕಮಾಂಡ್ ಶಿಲ್ಲಾಂಗ್‌ನಲ್ಲಿ. ನೌಕಾಪಡೆಯ ಪೂರ್ವ ಕಮಾಂಡ್ ವಿಶಾಖಪಟ್ಟಣದಲ್ಲಿ. ಮೂರಕ್ಕೂ ಹೆಸರು ಒಂದೇ, ಊರು ಬೇರೆ, ಗಡಿರೇಖೆ ಬೇರೆ, ವರದಿ ಮಾಡುವುದು ಬೇರೆ ಬೇರೆ ಮುಖ್ಯಸ್ಥರಿಗೆ. ದೇಶದಲ್ಲಿ ಇಂಥ ಒಂದೊಂದೇ ಪಡೆಯ ಕಮಾಂಡ್‌ಗಳು 17 ಇವೆ: ಭೂಸೇನೆಗೆ 7, ವಾಯುಪಡೆಗೆ 7, ನೌಕಾಪಡೆಗೆ 3. ಇವುಗಳಲ್ಲಿ ಕೆಲವು ತರಬೇತಿ ಮತ್ತು ನಿರ್ವಹಣೆಯವು.

ಗಡಿಯಾಚೆ ಚೀನಾ 2016ರ ಫೆಬ್ರುವರಿಯಲ್ಲಿ ತನ್ನ ಏಳು ಮಿಲಿಟರಿ ಪ್ರಾಂತ್ಯಗಳನ್ನು ತೆಗೆದು ಐದು ಥಿಯೇಟರ್ ಕಮಾಂಡ್ ಮಾಡಿತು. ಭಾರತದ ಜೊತೆಗಿನ ಅಷ್ಟೂ ಗಡಿ ಅವರ ಪಶ್ಚಿಮ ಥಿಯೇಟರ್ ಕಮಾಂಡ್ ಒಂದರ ಕೆಳಗೆ ಬರುತ್ತದೆ. ನಮ್ಮ ಕಡೆ ಅದೇ ಗಡಿಯನ್ನು ಭೂಸೇನೆಯ ಹಲವು ಕಮಾಂಡ್‌ಗಳು, ವಾಯುಪಡೆಯ ಹಲವು ಕಮಾಂಡ್‌ಗಳು ಹಂಚಿಕೊಂಡಿವೆ. ಆ ಕಡೆ ಒಬ್ಬ ಕಮಾಂಡರ್ ತನ್ನ ಮೇಜಿನಲ್ಲೇ ಮುಗಿಸುವ ನಿರ್ಧಾರಕ್ಕೆ ಈ ಕಡೆ ಹಲವು ಕಚೇರಿಗಳು ಒಪ್ಪಬೇಕು.

ಇದರ ಬೆಲೆ 1999ರಲ್ಲಿ ಕಾರ್ಗಿಲ್‌ನಲ್ಲಿ ಗೊತ್ತಾಯಿತು. ನುಸುಳುಕೋರರು ಮೇ ತಿಂಗಳ ಆರಂಭದಲ್ಲೇ ಕಂಡರು. ವಾಯುಪಡೆಯ ದಾಳಿ ಶುರುವಾದದ್ದು ಮೇ 26ರಂದು. ಭೂಸೇನೆ ಹೆಲಿಕಾಪ್ಟರ್ ಬೆಂಬಲ ಕೇಳುತ್ತಿತ್ತು. ಗಡಿಯಲ್ಲಿ ವಾಯುಬಲ ಬಳಸುವುದು ಯುದ್ಧವನ್ನೇ ದೊಡ್ಡದು ಮಾಡಬಹುದು, ಅದಕ್ಕೆ ರಾಜಕೀಯ ಒಪ್ಪಿಗೆ ಬೇಕು ಎಂದು ವಾಯುಪಡೆ ಹೇಳುತ್ತಿತ್ತು. ಇಬ್ಬರ ಮಾತಿನಲ್ಲೂ ತೂಕವಿತ್ತು. ಆದರೆ ಇಬ್ಬರ ಮಾತನ್ನೂ ಕೇಳಿ ತೀರ್ಮಾನ ಮಾಡುವ ಮಿಲಿಟರಿ ಅಧಿಕಾರಿ ಒಬ್ಬರೂ ಇರಲಿಲ್ಲ.

ಯುದ್ಧ ಮುಗಿದ ಮೇಲೆ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ಲೋಪಗಳನ್ನು ಹುಡುಕಿತು. 2001ರಲ್ಲಿ ಸಚಿವರ ತಂಡ ಸಿಡಿಎಸ್ ಹುದ್ದೆ ಬೇಕೆಂದು ಹೇಳಿತು. ಅದೇ ವರ್ಷ ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಮೊದಲ ಸಂಯುಕ್ತ ಕಮಾಂಡ್ ಬಂತು. ಸಿಡಿಎಸ್ ಮಾತ್ರ ಬರಲು 18 ವರ್ಷಕ್ಕೂ ಜಾಸ್ತಿ ಹಿಡಿಯಿತು.

ಚತುರಂಗ ಬಲಕ್ಕೆ ಯಾರು ಒಡೆಯ?

ಬೇರೆ ಬೇರೆ ಬಗೆಯ ಪಡೆಗಳನ್ನು ಒಬ್ಬನ ಕೈಗೆ ಕೊಡಬೇಕಾ ಎಂಬ ಪ್ರಶ್ನೆ ಹೊಸದೇನಲ್ಲ. ಮಹಾಭಾರತದ ಅಕ್ಷೋಹಿಣಿ ಲೆಕ್ಕವನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಅದರ ಅತಿ ಚಿಕ್ಕ ಘಟಕದ ಹೆಸರು ಪತ್ತಿ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ. ಅದನ್ನು ಮೂರು ಮೂರು ಪಟ್ಟು ಮಾಡುತ್ತಾ ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ. ಹತ್ತು ಅನೀಕಿನಿ ಸೇರಿದರೆ ಒಂದು ಅಕ್ಷೋಹಿಣಿ. ಅದರಲ್ಲಿ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು.

ಈ ಸಂಖ್ಯೆಗಳನ್ನು ಇತಿಹಾಸ ಎಂದು ತೆಗೆದುಕೊಳ್ಳಬೇಕಿಲ್ಲ. ಅದರ ಹಿಂದಿನ ಯೋಚನೆ ಮುಖ್ಯ. ನಾಲ್ಕೂ ಅಂಗಗಳು ಬೆರೆಯುವುದು ಮೇಲೆ ರಾಜನ ಹತ್ತಿರ ಅಲ್ಲ, ಅತಿ ಕೆಳಗಿನ ಹತ್ತರ ಗುಂಪಿನಲ್ಲಿ.

ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಸೂಕ್ಷ್ಮವಾಗಿದೆ. ಅಲ್ಲಿ ಆನೆಗೊಬ್ಬ ಅಧ್ಯಕ್ಷ, ಕುದುರೆಗೊಬ್ಬ, ರಥಕ್ಕೊಬ್ಬ, ಕಾಲಾಳಿಗೊಬ್ಬ. ಮೇವು, ಪಳಗಿಸುವುದು, ದುರಸ್ತಿ, ತರಬೇತಿ ಇವರ ಕೆಲಸ. ರಣರಂಗಕ್ಕೆ ಬೇರೆಯೇ ಸಾಲು ಇದೆ. ಹತ್ತು ಘಟಕಗಳ ಮೇಲೆ ಪದಿಕ, ಹತ್ತು ಪದಿಕರ ಮೇಲೆ ಸೇನಾಪತಿ, ಹತ್ತು ಸೇನಾಪತಿಗಳ ಮೇಲೆ ನಾಯಕ. ಅಂದರೆ ಪಡೆಯನ್ನು ತಯಾರು ಮಾಡುವವರು ಬೇರೆ, ಯುದ್ಧದಲ್ಲಿ ನಡೆಸುವವರು ಬೇರೆ. ಇಂದಿನ ಥಿಯೇಟರ್ ಕಮಾಂಡ್ ಯೋಜನೆಯ ತಿರುಳೂ ಇದೇ: ಮುಖ್ಯಸ್ಥರು ಪಡೆಯನ್ನು ಬೆಳೆಸಲಿ, ಥಿಯೇಟರ್ ಕಮಾಂಡರ್ ಅದನ್ನು ಬಳಸಲಿ.

ಅದೇ ಗ್ರಂಥದಲ್ಲಿ ಇದಕ್ಕೆ ಎದುರಾದ ಎಚ್ಚರಿಕೆಯೂ ಇದೆ. ಆನೆ, ಕುದುರೆ, ರಥ, ಕಾಲಾಳುಗಳನ್ನು ಹಲವು ಮುಖ್ಯಸ್ಥರ ಕೆಳಗೆ ಇಡಬೇಕು ಎನ್ನುತ್ತಾನೆ ಕೌಟಿಲ್ಯ. ಹಲವರಿದ್ದರೆ ಒಬ್ಬರಿಗೊಬ್ಬರು ಹೆದರಿ ಶತ್ರುವಿನ ಆಮಿಷಕ್ಕೆ ಬೀಳುವುದಿಲ್ಲ ಎಂಬುದು ಅವನ ಲೆಕ್ಕ. ಒಬ್ಬನ ಕೈಗೆ ಎಲ್ಲ ಕೊಟ್ಟರೆ ಯುದ್ಧ ಸಲೀಸು, ಆದರೆ ಸಿಂಹಾಸನಕ್ಕೆ ಅಪಾಯ. ಭಾರತದಲ್ಲಿ ಸಿಡಿಎಸ್ ಹುದ್ದೆ ದಶಕಗಳ ಕಾಲ ಮುಂದೂಡಿದ ಕಾರಣಗಳಲ್ಲಿ ಈ ಭಯವೂ ಇತ್ತು. ಪಕ್ಕದ ದೇಶದಲ್ಲಿ ಜನರಲ್‌ಗಳು ಮತ್ತೆ ಮತ್ತೆ ಅಧಿಕಾರ ಹಿಡಿದದ್ದು ಆ ಭಯಕ್ಕೆ ನೀರೆರೆಯಿತು.

ಕನ್ನಡ ನಾಡಿನ ಶಾಸನಗಳಲ್ಲಿ ಕಾಣುವ ದಂಡನಾಯಕ ಇನ್ನೊಂದು ಮಾದರಿ. ವಿಷ್ಣುವರ್ಧನನ ಕಾಲದಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಗಂಗರಾಜ ದಂಡನಾಯಕನೂ ಹೌದು, ಮಹಾಪ್ರಧಾನನೂ ಹೌದು. ಸೇನೆ ಮತ್ತು ಆಡಳಿತ ಎರಡೂ ಒಬ್ಬನಲ್ಲೇ ಸೇರಿದ್ದವು. ಅಂಥ ವ್ಯವಸ್ಥೆ ನಿಂತದ್ದು ರಾಜನ ಮೇಲಿನ ವೈಯಕ್ತಿಕ ನಿಷ್ಠೆಯ ಮೇಲೆ.

ನಿಷ್ಠೆಯನ್ನೇ ಬದಲಿಸಿದವನು ಚಂಗಿಸ್ ಖಾನ್. 13ನೇ ಶತಮಾನದ ಆರಂಭದಲ್ಲಿ ಅವನು ಬುಡಕಟ್ಟುಗಳನ್ನು ಒಡೆದು, ಬೆರೆಸಿ, ಹತ್ತು, ನೂರು, ಸಾವಿರ, ಹತ್ತು ಸಾವಿರದ ಘಟಕ ಕಟ್ಟಿದ. ಸೈನಿಕ ತನ್ನ ಕುಲದ ಹಿರಿಯನ ಬದಲು ತನ್ನ ಘಟಕದ ನಾಯಕನ ಮಾತು ಕೇಳತೊಡಗಿದ. ಇವತ್ತು ಭೂಸೇನೆ, ನೌಕಾಪಡೆ, ವಾಯುಪಡೆ ಎಂಬ ಗುರುತು ಆ ಕುಲದ ಗುರುತಿನಷ್ಟೇ ಗಟ್ಟಿ.

ಮೊಗಲರ ಮನ್ಸಬ್ ಪದ್ಧತಿ ರ‍್ಯಾಂಕ್ ಮತ್ತು ಬಲವನ್ನು ಎರಡು ಸಂಖ್ಯೆಗಳಲ್ಲೇ ಬರೆದಿಟ್ಟಿತು. ಅಕ್ಬರನ ಆಳ್ವಿಕೆಯ ಕೊನೆಯ ಭಾಗದಲ್ಲಿ ಪ್ರತಿ ಮನ್ಸಬ್‌ದಾರನಿಗೆ ‘ಜಾತ್’ ಮತ್ತು ‘ಸವಾರ್’ ಎಂಬ ಎರಡು ಅಂಕಿಗಳು. ಮೊದಲನೆಯದು ಅವನ ಸ್ವಂತ ದರ್ಜೆ ಮತ್ತು ಸಂಬಳ. ಎರಡನೆಯದು ಅವನು ಇಟ್ಟುಕೊಳ್ಳಬೇಕಾದ ಕುದುರೆ ಸವಾರರು. ದರ್ಜೆ ದೊಡ್ಡದಿದ್ದು ಸವಾರರು ಕಡಿಮೆ ಇರುವವನೂ ಇದ್ದ. ಮುಂದೆ ದರ್ಜೆ ಕೊಡುವುದು ಸುಲಭವಾಯಿತು, ಅದಕ್ಕೆ ತಕ್ಕ ಜಾಗೀರು ಕೊಡುವುದು ಕಷ್ಟವಾಯಿತು. ಔರಂಗಜೇಬನ ಕೊನೆಯ ವರ್ಷಗಳ ಹೊತ್ತಿಗೆ ದರ್ಜೆ ಇದ್ದೂ ಜಾಗೀರು ಸಿಗದವರು ಸಾಕಷ್ಟಿದ್ದರು.

ರ‍್ಯಾಂಕೇ ಬೇಡ ಎಂದವರು

ರ‍್ಯಾಂಕ್ ಇಷ್ಟು ತೊಡಕಾದರೆ ತೆಗೆದೇ ಬಿಡಬಾರದಾ? ಹಾಗೆ ಮಾಡಿ ನೋಡಿದ್ದಾರೆ.

1917ರ ಕೊನೆಯಲ್ಲಿ ರಷ್ಯಾದ ಬೊಲ್ಶೆವಿಕ್‌ಗಳು ರ‍್ಯಾಂಕ್‌ಗಳನ್ನೆಲ್ಲ ರದ್ದು ಮಾಡಿದರು. ಅಧಿಕಾರಿಗಳನ್ನು ಅವರ ಹುದ್ದೆಯ ಹೆಸರಿನಿಂದಲೇ ಕರೆಯತೊಡಗಿದರು. ಡಿವಿಜನ್ ನಡೆಸುವವನು ಡಿವಿಜನ್ ಕಮಾಂಡರ್, ಅಷ್ಟೇ. ಆದರೆ ಹುದ್ದೆ ಬದಲಾದ ಕೂಡಲೇ ಅವನ ಸ್ಥಾನ ಏನು ಎಂಬುದು ಅಸ್ಪಷ್ಟವಾಯಿತು. 1935ರಲ್ಲಿ ರ‍್ಯಾಂಕ್ ಮರಳಿತು, 1940ರಲ್ಲಿ ಜನರಲ್ ಎಂಬ ಪದವಿಯೂ ಮರಳಿತು. ಚೀನಾ 1965ರಲ್ಲಿ ರ‍್ಯಾಂಕ್ ತೆಗೆಯಿತು. 1979ರಲ್ಲಿ ವಿಯೆಟ್ನಾಂ ಮೇಲೆ ಯುದ್ಧಕ್ಕೆ ಹೋದದ್ದು ರ‍್ಯಾಂಕ್ ಇಲ್ಲದ ಸೇನೆಯೇ. ಬೇರೆ ಬೇರೆ ತುಕಡಿಗಳು ಬೆರೆತಾಗ ಯಾರು ಯಾರ ಮಾತು ಕೇಳಬೇಕು ಎಂಬುದೇ ತೊಡಕಾಯಿತು. 1988ರಲ್ಲಿ ಅಲ್ಲೂ ರ‍್ಯಾಂಕ್ ವಾಪಸ್ ಬಂತು.

ಯುದ್ಧದಲ್ಲಿ ಹುದ್ದೆಯಲ್ಲಿದ್ದವನು ಸಾಯಬಹುದು. ಸಂಪರ್ಕ ಕಡಿಯಬಹುದು. ಆ ಕ್ಷಣ ಮುಂದಿನ ಆಜ್ಞೆ ಯಾರದ್ದು ಎಂದು ಹೇಳಲು ರ‍್ಯಾಂಕ್ ಬೇಕು. ಕಮಾಂಡ್ ಕಡಿದು ಹೋದಾಗ ಹಿಡಿದುಕೊಳ್ಳುವ ಹಗ್ಗ ಅದು.

ಕೆನಡಾದ ಪ್ರಯೋಗ ಇನ್ನೊಂದು ತುದಿಯದು. 1968ರಲ್ಲಿ ಅದು ಮೂರೂ ಪಡೆಗಳನ್ನು ಕಾನೂನಿನಿಂದಲೇ ಒಂದು ಮಾಡಿ ಒಂದೇ ಸಮವಸ್ತ್ರ ಹಾಕಿಸಿತು. ಸೈನಿಕರ ಮನಸ್ಸಿಗೆ ಅದು ಹಿಡಿಸಲಿಲ್ಲ. 1980ರ ದಶಕದಲ್ಲಿ ಬೇರೆ ಬೇರೆ ಸಮವಸ್ತ್ರ ಮರಳಿತು. ನೌಕಾಪಡೆ ಮತ್ತು ವಾಯುಪಡೆಗೆ ಹಳೆಯ ಹೆಸರು 2011ರಲ್ಲಿ ಸಿಕ್ಕಿತು. ಥಿಯೇಟರ್ ಕಮಾಂಡ್ ಎಂದರೆ ಈ ತರಹದ ವಿಲೀನ ಎಂದು ಭಾವಿಸುವವರಿದ್ದಾರೆ. ಭಾರತದ ಯೋಜನೆಯಲ್ಲಿ ಅದು ಇಲ್ಲ. ಮೂರೂ ಪಡೆಗಳು ತಮ್ಮ ಹೆಸರು, ಸಮವಸ್ತ್ರ, ರ‍್ಯಾಂಕ್ ಎಲ್ಲ ಉಳಿಸಿಕೊಳ್ಳುತ್ತವೆ. ಬದಲಾಗುವುದು ಯುದ್ಧದ ಆಜ್ಞೆ ಹರಿಯುವ ದಾರಿ.

ಸಮನ್ವಯ ಸಾಕಾ?

ಮಹೂನಲ್ಲಿ ವಾಯುಪಡೆ ಮುಖ್ಯಸ್ಥರು ಅವಸರ ಬೇಡ ಎಂದಷ್ಟೇ ಹೇಳಿ ಕೂರಲಿಲ್ಲ. ಹೊಸ ರಚನೆಗಳನ್ನು ಕಟ್ಟುವ ಮೊದಲು ದೆಹಲಿಯಲ್ಲಿ ಮೂರೂ ಪಡೆಗಳ ಒಂದು ಯೋಜನಾ ಮತ್ತು ಸಮನ್ವಯ ಕೇಂದ್ರ ಮಾಡಿ ನೋಡೋಣ ಎಂದರು. ಕೇಳಲು ಸರಿಯಾಗಿದೆ. ಹೊಸ ಕಚೇರಿ ಕಡಿಮೆ, ಗದ್ದಲ ಕಡಿಮೆ, ಮುಖ್ಯಸ್ಥರು ಒಟ್ಟಿಗೆ ಕೂತು ನಿರ್ಧರಿಸಬಹುದು.

ಸಮನ್ವಯದ ಮಿತಿ ಎಲ್ಲಿದೆ ಎಂಬುದಕ್ಕೆ 1918ರ ವಸಂತ ಒಳ್ಳೆಯ ಪರೀಕ್ಷೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಮೂರೂವರೆ ವರ್ಷ ಅಕ್ಕಪಕ್ಕದಲ್ಲಿ ಹೋರಾಡಿದವು. ಒಬ್ಬನೇ ಕಮಾಂಡರ್ ಇರಲಿಲ್ಲ. ಮಾರ್ಚ್ 21ರಂದು ಜರ್ಮನಿ ಭಾರಿ ದಾಳಿ ಶುರು ಮಾಡಿತು. ಎರಡು ಸೇನೆಗಳ ನಡುವಿನ ಸಂದು ಬಾಯಿ ಬಿಡುವ ಹಾಗಾಯಿತು. ಐದೇ ದಿನಗಳಲ್ಲಿ, ಮಾರ್ಚ್ 26ರಂದು, ಡುಲಾನ್ ಎಂಬ ಊರಿನಲ್ಲಿ ಎರಡೂ ಸರ್ಕಾರಗಳು ಸೇರಿ ಫ್ರಾನ್ಸಿನ ಜನರಲ್ ಫೋಶ್ ಅವರನ್ನು ನೇಮಿಸಿದವು. ಕೊಟ್ಟ ಅಧಿಕಾರ ಸಮನ್ವಯದ್ದು ಮಾತ್ರ.

ಅದು ಸಾಲಲಿಲ್ಲ. ಕೇಳಿಕೊಳ್ಳಬಹುದಿತ್ತು, ಹೇಳಿ ಮಾಡಿಸಲು ಆಗುತ್ತಿರಲಿಲ್ಲ. ಒಂದು ವಾರ ಕಳೆದು, ಏಪ್ರಿಲ್ 3ರಂದು, ಅವರಿಗೆ ಇಡೀ ಯುದ್ಧತಂತ್ರದ ನಿರ್ದೇಶನದ ಅಧಿಕಾರ ಸಿಕ್ಕಿತು. ಏಪ್ರಿಲ್ ಮಧ್ಯದಲ್ಲಿ ಮಿತ್ರಸೇನೆಗಳ ಪ್ರಧಾನ ಕಮಾಂಡರ್ ಎಂಬ ಹೆಸರೂ ಬಂತು. ಅವರ ನಿರ್ದೇಶನಕ್ಕೆ ಒಳಪಟ್ಟ ಬ್ರಿಟಿಷ್ ನಾಯಕ ಹೇಗ್ ಆಗಲೇ ಫೀಲ್ಡ್ ಮಾರ್ಷಲ್. ಫೋಶ್ ಮಾರ್ಷಲ್ ಆದದ್ದು ಆಗಸ್ಟ್‌ನಲ್ಲಿ.

ಏಪ್ರಿಲ್ 3ರ ಒಪ್ಪಂದದಲ್ಲಿ ಇನ್ನೊಂದು ಅಂಶವಿತ್ತು. ಫೋಶ್ ಅವರ ಆಜ್ಞೆಯಿಂದ ತನ್ನ ಸೇನೆಗೇ ಅಪಾಯ ಎನಿಸಿದರೆ ಆಯಾ ದೇಶದ ಕಮಾಂಡರ್ ತನ್ನ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದಿತ್ತು. ಒಂದೇ ಕಮಾಂಡ್ ಎಂದರೆ ಉಳಿದವರ ಬಾಯಿ ಕಟ್ಟುವುದು ಎಂದಾಗಬೇಕಿಲ್ಲ. ನಮ್ಮಲ್ಲಿ ನಡೆಯುವ ಚರ್ಚೆಯಲ್ಲಿ ಈ ಮೇಲ್ಮನವಿಯ ಮಾತು ಬರುವುದೇ ಕಡಿಮೆ. ಬರಬೇಕು.

ವಾಯುಪಡೆಯ ಆತಂಕ ಸುಮ್ನೆ ಹುಟ್ಟಿದ್ದಲ್ಲ

ವಾಯುಪಡೆಯ ವಿರೋಧವನ್ನು ಕುರ್ಚಿಯ ಆಸೆ ಎಂದು ತಳ್ಳಿಹಾಕುವುದು ತಪ್ಪು. ಅವರ ವಾದಕ್ಕೆ ಲೆಕ್ಕವೂ ಇದೆ, ಇತಿಹಾಸವೂ ಇದೆ.

ಲೆಕ್ಕ ಹೀಗಿದೆ. ವಾಯುಪಡೆಗೆ ಮಂಜೂರಾದ ಯುದ್ಧವಿಮಾನಗಳ ತಂಡಗಳು, ಅಂದರೆ ಸ್ಕ್ವಾಡ್ರನ್‌ಗಳು 42. 2025ರ ಸೆಪ್ಟೆಂಬರ್‌ನಲ್ಲಿ ಕೊನೆಯ ಮಿಗ್-21ಗಳು ನಿವೃತ್ತಿಯಾದ ಮೇಲೆ ಉಳಿದದ್ದು 29. ಇವನ್ನು ಯೋಜನೆಯಲ್ಲಿರುವ ಮೂರು ಥಿಯೇಟರ್‌ಗಳಿಗೆ ಕಾಯಂ ಆಗಿ ಹಂಚಿದರೆ ಎಲ್ಲೂ ಸಾಲುವುದಿಲ್ಲ. ಸೈನಿಕರ ಡಿವಿಜನ್ ಒಂದನ್ನು ಪಶ್ಚಿಮದಿಂದ ಉತ್ತರಕ್ಕೆ ಸಾಗಿಸಲು ದಿನಗಟ್ಟಲೆ ಬೇಕು. ವಿಮಾನ ಬೆಳಿಗ್ಗೆ ಒಂದು ಗಡಿಯಲ್ಲಿ, ಸಂಜೆ ಇನ್ನೊಂದರಲ್ಲಿ ಇರಬಹುದು. ಆ ಗುಣವನ್ನೇ ಕಟ್ಟಿಹಾಕಬೇಡಿ ಎನ್ನುತ್ತದೆ ವಾಯುಪಡೆ.

ಇತಿಹಾಸ 1943ರ ಟ್ಯುನೀಷಿಯಾದ್ದು. ಅಲ್ಲಿ ಮಿತ್ರಪಡೆಗಳು ತಮ್ಮ ವಿಮಾನಗಳನ್ನು ಭೂಸೇನೆಯ ಕಮಾಂಡರ್‌ಗಳಿಗೆ ತುಂಡು ತುಂಡಾಗಿ ಹಂಚಿದ್ದವು. ಪ್ರತಿಯೊಬ್ಬರೂ ತಮ್ಮ ತಲೆಯ ಮೇಲೆ ಕಾವಲು ಕೇಳಿದರು. ಜರ್ಮನರು ತಮ್ಮ ವಿಮಾನಗಳನ್ನು ಒಂದೆಡೆ ಸೇರಿಸಿ ಬಡಿದರು. ಆ ವರ್ಷದ ಫೆಬ್ರುವರಿಯ ಹಿನ್ನಡೆಯ ಹೊತ್ತಿನಲ್ಲಿ ವಾಯುಬಲವನ್ನೆಲ್ಲ ಒಬ್ಬ ವಾಯು ಕಮಾಂಡರ್ ಕೆಳಗೆ ತಂದರು. ಆಮೇಲೆ ಆಕಾಶ ಮಿತ್ರಪಡೆಗಳದ್ದಾಯಿತು.

2021ರ ಜುಲೈನಲ್ಲಿ ಜನರಲ್ ರಾವತ್ ವಾಯುಪಡೆಯನ್ನು ಫಿರಂಗಿ ದಳದ ಹಾಗೆ ಬೆಂಬಲ ಕೊಡುವ ಅಂಗ ಎಂದಾಗ ಆಗಿನ ವಾಯುಪಡೆ ಮುಖ್ಯಸ್ಥರು ಒಪ್ಪಲಿಲ್ಲ. ಭೂಸೇನೆಯ ಸಂಖ್ಯಾಬಲ ದೊಡ್ಡದು. ಹೆಚ್ಚು ಥಿಯೇಟರ್ ಕಮಾಂಡರ್‌ಗಳು ಅಲ್ಲಿಂದಲೇ ಬಂದರೆ ಟ್ಯುನೀಷಿಯಾದ ತಪ್ಪು ಮರುಕಳಿಸಬಹುದು ಎಂಬ ಭಯ ಅಲ್ಲಿಂದ ಬಂದದ್ದು.

ಆದರೂ ಈ ವಾದ ಪೂರ್ತಿ ಗೆಲ್ಲುವುದಿಲ್ಲ. ಟ್ಯುನೀಷಿಯಾದಲ್ಲಿ ವಾಯುಬಲ ಒಂದಾದದ್ದು ನಿಜ. ಆದರೆ ಆ ವಾಯು ಕಮಾಂಡರ್ ಮೇಲೆ ಇಡೀ ರಣರಂಗದ ಕಮಾಂಡರ್ ಒಬ್ಬರಿದ್ದರು. ವಾಯುಪಡೆ ಪೂರ್ತಿಯಾಗಿ ಹೊರಗೆ ನಿಂತಿರಲಿಲ್ಲ. ಹಾಗಾಗಿ ಪ್ರಶ್ನೆ ಥಿಯೇಟರ್ ಬೇಕೋ ಬೇಡವೋ ಎಂಬುದಕ್ಕಿಂತ, ವಿಮಾನಗಳನ್ನು ಕಾಯಂ ಕೊಡಬೇಕಾ ಅಥವಾ ಕೆಲಸಕ್ಕೆ ತಕ್ಕಂತೆ ಕೊಟ್ಟು ವಾಪಸ್ ಪಡೆಯಬೇಕಾ ಎಂಬುದಕ್ಕೆ ಬಂದು ನಿಲ್ಲುತ್ತದೆ. ಎರಡನೆಯದೇ ಸರಿ ಎನಿಸುತ್ತದೆ. ಆದರೆ ಹಂಚುವ ತೀರ್ಮಾನ ಯಾರದ್ದು ಎಂದು ಬರೆದಿಡದಿದ್ದರೆ ಕಾರ್ಗಿಲ್‌ನ ಮೊದಲ ವಾರಗಳಿಗೇ ಮರಳುತ್ತೇವೆ.

ಅಮೆರಿಕ ಕಾನೂನಿನಿಂದ ಮಾಡಿದ್ದು

1980ರ ಏಪ್ರಿಲ್‌ನಲ್ಲಿ ಇರಾನಿನ ಒತ್ತೆಯಾಳುಗಳನ್ನು ಬಿಡಿಸಲು ಹೋದ ಅಮೆರಿಕದ ಕಾರ್ಯಾಚರಣೆ ಮರುಭೂಮಿಯಲ್ಲೇ ಮುರಿದುಬಿತ್ತು. ಎಂಟು ಜನ ಸತ್ತರು. ನೌಕಾಪಡೆಯ ಹೆಲಿಕಾಪ್ಟರ್, ಮರೀನ್ ಪೈಲಟ್‌ಗಳು, ವಾಯುಪಡೆಯ ಸಾಗಣೆ ವಿಮಾನ, ಭೂಸೇನೆಯ ಕಮಾಂಡೊಗಳು ಇದ್ದರು. ಎಲ್ಲರೂ ಸೇರಿ ಪೂರ್ತಿ ತಾಲೀಮು ಮಾಡಿರಲಿಲ್ಲ. 1983ರಲ್ಲಿ ಗ್ರೆನಡಾದಲ್ಲೂ ಪಡೆಗಳ ನಡುವೆ ಹೊಂದಾಣಿಕೆ ಕಡಿಮೆಯಿತ್ತು.

1986ರಲ್ಲಿ ಸಂಸತ್ತು ಕಾನೂನು ಮಾಡಿತು. ಆಜ್ಞೆ ಅಧ್ಯಕ್ಷರಿಂದ ರಕ್ಷಣಾ ಕಾರ್ಯದರ್ಶಿಗೆ, ಅಲ್ಲಿಂದ ನೇರವಾಗಿ ಪ್ರಾದೇಶಿಕ ಕಮಾಂಡರ್‌ಗಳಿಗೆ. ಪಡೆಗಳ ಮುಖ್ಯಸ್ಥರು ಈ ದಾರಿಯಲ್ಲಿ ಇಲ್ಲ. ಮುಖ್ಯಸ್ಥರ ಸಮಿತಿಯ ಅಧ್ಯಕ್ಷರು ಕಾನೂನಿನ ಪ್ರಕಾರ ಎಲ್ಲ ಅಧಿಕಾರಿಗಳಿಗಿಂತ ಹಿರಿಯರು. ಆದರೆ ಅವರು ಯಾವ ಪಡೆಗೂ ಆಜ್ಞೆ ಕೊಡುವಂತಿಲ್ಲ. ಅತಿ ದೊಡ್ಡ ರ‍್ಯಾಂಕ್ ಮತ್ತು ಕಮಾಂಡ್ ಎರಡನ್ನೂ ಬೇಕೆಂದೇ ಬೇರೆ ಮಾಡಿದರು. ಕೌಟಿಲ್ಯನ ಎರಡೂ ಚಿಂತೆಗೆ ಅದು ಉತ್ತರ: ರಣರಂಗದಲ್ಲಿ ಒಬ್ಬ, ರಾಜಧಾನಿಯಲ್ಲಿ ಒಬ್ಬನೇ ಅಲ್ಲ.

ಪಾಕಿಸ್ತಾನ 2025ರಲ್ಲಿ ಮಾಡಿದ್ದು ಇದಕ್ಕೆ ಪೂರ್ತಿ ಎದುರು. ಮೂರೂ ಪಡೆಗಳ ಜಂಟಿ ಸಮಿತಿಯ ಅಧ್ಯಕ್ಷ ಹುದ್ದೆಯನ್ನೇ ತೆಗೆದು, ಒಂದು ಪಡೆಯ ಮುಖ್ಯಸ್ಥರಿಗೆ ಎಲ್ಲದರ ಮೇಲಿನ ಅಧಿಕಾರ ಕೊಟ್ಟಿತು. ಅಲ್ಲಿ ಭೂಸೇನೆಯ ದೃಷ್ಟಿಯೇ ಮೂರೂ ಪಡೆಗಳ ದೃಷ್ಟಿಯಾಗುವ ಸಾಧ್ಯತೆ ಹೆಚ್ಚು.

ಭಾರತದಲ್ಲಿ ಮುಂದೇನು?

ಕೆಲವು ಹೆಜ್ಜೆಗಳು ಆಗಲೇ ಬಿದ್ದಿವೆ. ಮೂರೂ ಪಡೆಗಳಿಗೆ ಬೇರೆ ಬೇರೆ ಕಾನೂನುಗಳಿವೆ: ಭೂಸೇನೆಗೂ ವಾಯುಪಡೆಗೂ 1950ರದ್ದು, ನೌಕಾಪಡೆಗೆ 1957ರದ್ದು. ಅಂಡಮಾನ್‌ನಲ್ಲಿ ನೌಕಾಪಡೆಯ ಕಮಾಂಡರ್ ಕೆಳಗಿದ್ದ ವಾಯುಯೋಧ ತಪ್ಪು ಮಾಡಿದರೆ ಶಿಸ್ತು ಕ್ರಮಕ್ಕೆ ಅವನನ್ನು ಅವನ ಮೂಲ ಪಡೆಗೆ ಕಳಿಸಬೇಕಿತ್ತು. 2023ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾನೂನು 2024ರ ಮೇ 10ರಂದು ಜಾರಿಗೆ ಬಂತು. ಸಂಯುಕ್ತ ಕಮಾಂಡ್‌ನ ಮುಖ್ಯಸ್ಥರು ಈಗ ತಮ್ಮ ಕೆಳಗಿನ ಯಾವುದೇ ಪಡೆಯವರ ಮೇಲೂ ಕ್ರಮ ಕೈಗೊಳ್ಳಬಹುದು. ಸಣ್ಣ ಬದಲಾವಣೆ ಎನಿಸಬಹುದು. ಆದರೆ ಶಿಕ್ಷಿಸುವ ಅಧಿಕಾರವಿಲ್ಲದ ಕಮಾಂಡ್ ಅರ್ಧ ಕಮಾಂಡ್. 2025ರ ಜೂನ್‌ನಲ್ಲಿ ರಕ್ಷಣಾ ಸಚಿವರು ಮೂರೂ ಪಡೆಗಳಿಗೆ ಜಂಟಿ ಆದೇಶ ಹೊರಡಿಸುವ ಅಧಿಕಾರವನ್ನು ಸಿಡಿಎಸ್‌ಗೆ ಕೊಟ್ಟರು. ಇದು ಯುದ್ಧ ನಡೆಸುವ ಕಮಾಂಡ್ ಅಲ್ಲ ಎಂಬುದನ್ನು ನೆನಪಿಡಬೇಕು.

ಈಗ ನಕ್ಷತ್ರಗಳ ವಿಷಯಕ್ಕೆ ಬರೋಣ. ವರದಿಗಳ ಪ್ರಕಾರ ಯೋಜನೆಯಲ್ಲಿರುವುದು ಮೂರು ಥಿಯೇಟರ್: ಪಾಕಿಸ್ತಾನದ ಕಡೆಗೆ ಒಂದು, ಚೀನಾದ ಕಡೆಗೆ ಒಂದು, ಸಮುದ್ರಕ್ಕೆ ಒಂದು. ಈಗ ಕಮಾಂಡ್‌ಗಳನ್ನು ನಡೆಸುತ್ತಿರುವವರು ಮೂರು ನಕ್ಷತ್ರದ ಅಧಿಕಾರಿಗಳು. ಅವರ ಮೇಲೆ ಬರುವ ಥಿಯೇಟರ್ ಕಮಾಂಡರ್ ಕೂಡ ಮೂರೇ ನಕ್ಷತ್ರದವರಾದರೆ ಸಮಾನರ ನಡುವೆ ಮತ್ತೆ ಎಳೆದಾಟ. ನಾಲ್ಕು ಕೊಟ್ಟರೆ ಮುಖ್ಯಸ್ಥರಿಗೆ ಸಮಾನ. ನಾಲ್ಕು ನಕ್ಷತ್ರದವರ ಸಂಖ್ಯೆ ನಾಲ್ಕರಿಂದ ಏಳಕ್ಕೆ ಏರುತ್ತದೆ. ಮುಖ್ಯಸ್ಥರು ತಮಗೆ ಸಮಾನರಾದವರಿಗೆ ಪಡೆ ಒದಗಿಸುವವರಾಗುತ್ತಾರೆ. ಕಮಾಂಡ್‌ನ ದಾರಿ ಬರೆದಿಟ್ಟಿದ್ದರೆ ಎರಡೂ ನಡೆಯುತ್ತದೆ, ಐಸೆನ್‌ಹೋವರ್ ಕಾಲದಲ್ಲಿ ನಡೆದ ಹಾಗೆ. ಬರೆದಿಡದಿದ್ದರೆ ಐದು ನಕ್ಷತ್ರ ಕೊಟ್ಟರೂ ನಡೆಯುವುದಿಲ್ಲ.

ಮುಖ್ಯಸ್ಥರಿಗೆ ಆಗುವ ನಷ್ಟ ದೊಡ್ಡದು. ಸ್ವಾತಂತ್ರ್ಯದ ಮೇಲೆ ಮೂರೂ ಪಡೆಗಳಿಗೆ ಬೇರೆ ಬೇರೆ ಪ್ರಧಾನ ದಂಡನಾಯಕರಿದ್ದರು. 1955ರಲ್ಲಿ ಆ ಹೆಸರನ್ನು ಕಾನೂನಿನಿಂದ ತೆಗೆದು ಅವರನ್ನು ಸಿಬ್ಬಂದಿ ಮುಖ್ಯಸ್ಥರು ಎಂದು ಕರೆಯಲಾಯಿತು. ಹೆಸರು ಹೋಯಿತು, ಕಮಾಂಡ್ ಕೈಯಲ್ಲೇ ಉಳಿಯಿತು. ಥಿಯೇಟರ್ ಬಂದರೆ ಆ ಕಮಾಂಡ್ ನಿಜವಾಗಿ ಕೈ ಬಿಡುತ್ತದೆ. ನೇಮಕ, ತರಬೇತಿ, ಶಸ್ತ್ರಾಸ್ತ್ರ ಖರೀದಿ ಉಳಿಯುತ್ತವೆ. ಬಡ್ತಿಯ ದಾರಿಯೂ ಬದಲಾಗುತ್ತದೆ. ಮೂರೂ ಪಡೆಗಳ ಜೊತೆ ಕೆಲಸ ಮಾಡಿದ ಅನುಭವ ಇಲ್ಲದ ಅಧಿಕಾರಿಗೆ ಮೇಲೆ ಹೋಗುವುದು ಕಷ್ಟವಾಗುತ್ತದೆ. ಅಮೆರಿಕದಲ್ಲಿ 1986ರ ಕಾನೂನು ಅದನ್ನೂ ಮಾಡಿತು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಥಿಯೇಟರ್ ಕಮಾಂಡರ್ ಯಾರಿಗೆ ವರದಿ ಮಾಡಬೇಕು ಎಂಬುದು. ಸಂವಿಧಾನದ 53ನೇ ವಿಧಿಯಂತೆ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯವರದ್ದು. ನಡೆಸುವುದು ಚುನಾಯಿತ ಸರ್ಕಾರ. ಕಮಾಂಡರ್ ನೇರವಾಗಿ ರಕ್ಷಣಾ ಸಚಿವರಿಗೆ ವರದಿ ಮಾಡಿದರೆ, ಯುದ್ಧದ ಮಧ್ಯೆ ಎರಡು ಥಿಯೇಟರ್‌ಗಳು ಒಂದೇ ಸ್ಕ್ವಾಡ್ರನ್ ಕೇಳಿದಾಗ ತೀರ್ಮಾನ ಮಾಡುವುದು ಸಚಿವರ ಮೇಲೆ ಬೀಳುತ್ತದೆ. ಅದಕ್ಕೆ ಬೇಕಾದ ಮಿಲಿಟರಿ ಸಿಬ್ಬಂದಿ ಸಚಿವರ ಪಕ್ಕದಲ್ಲಿ ಇರಬೇಕು. ಸಿಡಿಎಸ್ ಮೂಲಕ ವರದಿ ಮಾಡಿದರೆ, ಕಮಾಂಡ್ ಇಲ್ಲ ಎಂದು 2019ರಲ್ಲಿ ಕೊಟ್ಟ ಮಾತನ್ನು ತಿದ್ದಬೇಕು. ಆಗ ಅದೇ ವ್ಯಕ್ತಿ ಇಲಾಖೆಯ ಕಾರ್ಯದರ್ಶಿಯಾಗಿಯೂ ಮುಂದುವರಿಯಬಹುದಾ ಎಂಬ ಪ್ರಶ್ನೆ ಏಳುತ್ತದೆ. ಫೈಲ್ ಕಳಿಸುವವರೂ ಸಹಿ ಹಾಕುವವರೂ ಯುದ್ಧ ನಡೆಸುವವರೂ ಒಬ್ಬರೇ ಆಗುವುದು ಕೌಟಿಲ್ಯನಿಗೂ ಒಪ್ಪಿಗೆಯಾಗುತ್ತಿರಲಿಲ್ಲ. ಎರಡರಲ್ಲಿ ಒಂದು ಜವಾಬ್ದಾರಿಯನ್ನು ಸಿಡಿಎಸ್ ಬಿಟ್ಟುಕೊಡಬೇಕಾಗುತ್ತದೆ. ಸರ್ಕಾರದ ಆದೇಶ ಹೊರಬಿದ್ದಾಗ ಮೊದಲು ಓದಬೇಕಾದದ್ದು ಈ ವರದಿಯ ಸಾಲನ್ನು, ಆಮೇಲೆ ವಿಮಾನ ಹಂಚುವ ಅಧಿಕಾರ ಯಾರದ್ದು ಎಂಬ ಸಾಲನ್ನು, ಅದರ ನಂತರ ಮುಖ್ಯಸ್ಥರಿಗೆ ಮೇಲ್ಮನವಿಯ ಹಕ್ಕು ಇದೆಯಾ ಎಂಬುದನ್ನು.